ತೆರೆಯ ಮೇಲಿನ ಹೆಸರು, ತೆರೆಯ ಹಿಂದಿನ ಕೈ

ಮೊನ್ನೆ ನಮ್ಮ ಸಂಘದ ಸಭಾಂಗಣದಲ್ಲಿ ‘ಹಂಸಗೀತೆ’ ಚಿತ್ರವನ್ನು ತೋರಿಸಿದಾಗ ನಡೆದ ಒಂದು ಸಣ್ಣ ಪ್ರಸಂಗವೇ ಈ ಲೇಖನಕ್ಕೆ ಕಾರಣ. ತೆರೆಯ ಮೇಲೆ ಹೆಸರುಗಳು ಬರುತ್ತಿದ್ದವು. ನಮ್ಮಲ್ಲಿ ಅರ್ಧ ಜನ ಇನ್ನೂ ಕುರ್ಚಿ ಹುಡುಕುತ್ತಿದ್ದೆವು. ಉಳಿದರ್ಧ ಜನ ಬಹುದಿನಗಳ ಮೇಲೆ ಸಿಕ್ಕಿದವರ ಯೋಗಕ್ಷೇಮ ವಿಚಾರಿಸುತ್ತಿದ್ದೆವು. ಆ ಗದ್ದಲದಲ್ಲೂ ಛಾಯಾಗ್ರಾಹಕರ ಹೆಸರು ಒಬ್ಬರ ಕಣ್ಣಿಗೆ ಬಿತ್ತು: ನಿಮಾಯಿ ಘೋಷ್. “ಅರೆ, ಇವರು ನಮ್ಮ ಕಲ್ಕತ್ತೆಯವರೇ! ಸತ್ಯಜಿತ್ ರಾಯ್ ಅವರ ಫೋಟೋ ತೆಗೆಯುತ್ತಿದ್ದವರಲ್ಲವೇ?” ಎಂದರು. ನಾವೆಲ್ಲ ಹೌದು ಹೌದೆಂದು ತಲೆಯಾಡಿಸಿ, ಅನಂತನಾಗ್ ಅವರ ಅಭಿನಯವನ್ನೂ ಬಾಲಮುರಳಿಯವರ ಕಂಠವನ್ನೂ ಮೆಚ್ಚಿಕೊಂಡು ಮನೆಗೆ ಹೋದೆವು.

ಆಮೇಲೆ ವಿಚಾರಿಸಿದಾಗ ತಿಳಿಯಿತು: ಆ ಮಾತಿನಲ್ಲಿ ಮೊದಲರ್ಧ ಸರಿ, ಎರಡನೆಯರ್ಧ ತಪ್ಪು. ಈ ಊರಿನ ಚಿತ್ರರಂಗದಲ್ಲಿ ಆ ಹೆಸರಿನವರು ಇಬ್ಬರಿದ್ದರು. ರಾಯ್ ಅವರ ಜೊತೆ ‘ಗೂಪಿ ಗಾಯನ್ ಬಾಘಾ ಬಾಯನ್’ ಚಿತ್ರದ ಕಾಲದಿಂದ ಓಡಾಡಿ, ಅವರ ಸಾವಿರಾರು ಸ್ಥಿರಚಿತ್ರಗಳನ್ನು ತೆಗೆದ ನಿಮಾಯಿ ಘೋಷ್ 2020ರಲ್ಲಿ ತೀರಿಕೊಂಡರು. ‘ಹಂಸಗೀತೆ’ಯ ನಿಮಾಯಿ ಘೋಷ್ ಅವರಿಗಿಂತ ಹಿರಿಯರು. 1950ರ ‘ಛಿನ್ನಮೂಲ’ ಚಿತ್ರವನ್ನು ನಿರ್ದೇಶಿಸಿದವರು. ದೇಶವಿಭಜನೆಯಲ್ಲಿ ಬೇರು ಕಿತ್ತು ಬಂದ ಪೂರ್ವ ಬಂಗಾಳದ ರೈತರ ಕಥೆಯದು; ಸಿಯಾಲ್ದಾ ನಿಲ್ದಾಣದಲ್ಲಿ ನಿಜವಾದ ನಿರಾಶ್ರಿತರ ನಡುವೆಯೇ ತೆಗೆದ ದೃಶ್ಯಗಳು ಅದರಲ್ಲಿವೆ. ಮುಂದೆ ಅವರು ಮದರಾಸಿಗೆ ಹೋಗಿ ನೆಲೆಸಿ, 1960ರಲ್ಲಿ ‘ಪಾದೈ ತೆರಿಯುದು ಪಾರ್’ ಎಂಬ ತಮಿಳು ಚಿತ್ರವನ್ನು ನಿರ್ದೇಶಿಸಿದರು. 1975ರಲ್ಲಿ ತ. ರಾ. ಸು. ಅವರ ಕಾದಂಬರಿಯನ್ನು ಜಿ. ವಿ. ಅಯ್ಯರ್ ತೆರೆಗೆ ತಂದಾಗ ಕ್ಯಾಮೆರಾ ಹಿಡಿದವರು ಇವರೇ. ಅಷ್ಟೇ ಅಲ್ಲ, ಸಂಗೀತ ನಿರ್ದೇಶಕ ಎಂ. ಬಿ. ಶ್ರೀನಿವಾಸನ್ ಅವರೊಡನೆ ಸೇರಿ ದಕ್ಷಿಣದ ಚಿತ್ರರಂಗದ ಕೆಲಸಗಾರರ ಸಂಘಟನೆ ಕಟ್ಟಲು ದುಡಿದವರು. ಕೆಲಸಗಾರರ ಹಕ್ಕಿಗಾಗಿ ಹೋರಾಡಿದ ಮನುಷ್ಯನ ಕೆಲಸವನ್ನೇ ನಾವು ಅಂದು ಇನ್ನೊಬ್ಬರ ಲೆಕ್ಕಕ್ಕೆ ಬರೆದುಬಿಟ್ಟಿದ್ದೆವು.

ತಪ್ಪು ಸಣ್ಣದೇ. ಆದರೆ ಅದನ್ನು ಹಿಡಿದು ಹೊರಟಾಗ ಒಂದು ದೊಡ್ಡ ಇತಿಹಾಸವೇ ಎದುರಾಯಿತು. ಸಿನಿಮಾ ಎಂಬುದು ನೂರು ಕೈಗಳ ಕೆಲಸ. ನಟನ ಮುಖ ನಮಗೆ ಕಾಣುತ್ತದೆ. ಮಿಕ್ಕವರ ಕೆಲಸ ಚೆನ್ನಾದಷ್ಟೂ ಕಣ್ಣಿಗೆ ಕಾಣುವುದಿಲ್ಲ. ಆದ್ದರಿಂದಲೇ ಅವರಿಗೆ ತೆರೆಯ ಮೇಲಿನ ಆ ಒಂದು ಸಾಲು ಬೇಕು. ಆ ಸಾಲು ಹೇಗೆ ಬಂತು, ಯಾರಿಗೆ ಬಂತು, ಯಾರಿಗೆ ಬರಲಿಲ್ಲ ಎಂಬುದನ್ನು ತಿಳಿಯಲು ನಾವು ವಾಸವಾಗಿರುವ ಈ ಕಲ್ಕತ್ತೆಗಿಂತ ಒಳ್ಳೆಯ ಊರು ಬೇರೆ ಸಿಗಲಾರದು. 2001ರಿಂದ ಸರ್ಕಾರಿ ಕಾಗದದಲ್ಲಿ ಇದು ಕೋಲ್ಕತ್ತವಾದರೂ ಹಳೆಯ ಕಥೆ ಹೇಳುವಾಗ ಹಳೆಯ ಹೆಸರೇ ಬಾಯಿಗೆ ಬರುತ್ತದೆ, ವಾಚಕರು ಕ್ಷಮಿಸಬೇಕು.

ಬೆಂಕಿಗೆ ಬಿದ್ದ ಹೆಸರು

ಭಾರತೀಯ ಚಿತ್ರರಂಗದ ಪಿತಾಮಹ ಯಾರೆಂದು ಕೇಳಿದರೆ ಶಾಲೆಯ ಹುಡುಗನೂ ದಾದಾಸಾಹೇಬ್ ಫಾಲ್ಕೆಯವರ ಹೆಸರು ಹೇಳುತ್ತಾನೆ. 1913ರ ‘ರಾಜಾ ಹರಿಶ್ಚಂದ್ರ’ದ ಕರ್ತೃವಿಗೆ ಆ ಗೌರವ ಸಲ್ಲತಕ್ಕದ್ದೇ. ಆದರೆ ಅದಕ್ಕೂ ಹದಿನೈದು ವರ್ಷ ಮೊದಲೇ, 1898ರಲ್ಲಿ, ಹೀರಾಲಾಲ್ ಸೇನ್ ಎಂಬ ಬಂಗಾಳಿ ತರುಣರು ಸೋದರ ಮೋತಿಲಾಲರೊಡನೆ ರಾಯಲ್ ಬಯೊಸ್ಕೋಪ್ ಕಂಪನಿಯನ್ನು ಸ್ಥಾಪಿಸಿ ಚಿತ್ರಪ್ರದರ್ಶನಕ್ಕೆ ತೊಡಗಿದ್ದರು. ಅಮರೇಂದ್ರನಾಥ ದತ್ತರ ಕ್ಲಾಸಿಕ್ ಥಿಯೇಟರಿನ ನಾಟಕಗಳ ದೃಶ್ಯಗಳನ್ನು ಅವರು ಫಿಲ್ಮಿಗೆ ಇಳಿಸಿದರು. 1903ರಲ್ಲಿ ‘ಆಲಿಬಾಬಾ’ ನಾಟಕವನ್ನು ಚಿತ್ರಿಸಿದರು. 1905ರಲ್ಲಿ ಬಂಗಾಳದ ವಿಭಜನೆಯ ವಿರುದ್ಧ ನಡೆದ ಸಭೆಯನ್ನೂ ಸೆರೆಹಿಡಿದರು. ಜಾಹೀರಾತಿನ ಚಿತ್ರಗಳನ್ನೂ ತೆಗೆದರು.

ಇಷ್ಟು ಮಾಡಿದ ಮನುಷ್ಯನ ಹೆಸರು ಇಂದು ಈ ಊರಿನ ಹೊರಗೆ ಎಷ್ಟು ಜನಕ್ಕೆ ಗೊತ್ತು? 1917ರಲ್ಲಿ ಅವರು ತೆಗೆದ ಚಿತ್ರಗಳಿದ್ದ ಉಗ್ರಾಣಕ್ಕೆ ಬೆಂಕಿ ಬಿತ್ತು. ಆಗಿನ ಫಿಲ್ಮು ನೈಟ್ರೇಟಿನದು. ಕಿಡಿ ತಾಕಿದರೆ ಸಾಕು, ಬಾಣಬಿರುಸಿನಂತೆ ಉರಿಯುತ್ತದೆ. ಎಲ್ಲವೂ ಬೂದಿಯಾಯಿತು. ಅದೇ ವರ್ಷ ಹೀರಾಲಾಲರೂ ತೀರಿಕೊಂಡರು. ಅವರು ಸುಳ್ಳು ಹೇಳಿದರೆಂದು ಯಾರೂ ಅನ್ನಲಿಲ್ಲ. ಆದರೆ ತೋರಿಸಲು ಒಂದು ಅಡಿ ಫಿಲ್ಮೂ ಉಳಿಯಲಿಲ್ಲ. ಕೆಲಸ ಹೋದಮೇಲೆ ಹೆಸರು ಎಷ್ಟು ದಿನ ನಿಂತೀತು? ಕಲ್ಕತ್ತೆಯ ಚಿತ್ರೇತಿಹಾಸ ಹೀಗೆ ಅಳಿಸಿಹೋದ ಹೆಸರಿನಿಂದಲೇ ಆರಂಭವಾಗುತ್ತದೆ.

ಹಾಡಿದವರು ಯಾರು?

1931ರಲ್ಲಿ ಬಿ. ಎನ್. ಸರ್ಕಾರ್ ಟಾಲಿಗಂಜಿನಲ್ಲಿ ನ್ಯೂ ಥಿಯೇಟರ್ಸ್ ಸಂಸ್ಥೆಯನ್ನು ಕಟ್ಟಿದರು. ನಮ್ಮ ಹಿರಿಯರು ಸೈಗಲ್ ಹಾಡುಗಳನ್ನು ಗುನುಗುತ್ತಿದ್ದದ್ದು ಈ ಸಂಸ್ಥೆಯ ಚಿತ್ರಗಳಿಂದಲೇ. ಟಾಕಿ ಬಂದ ಹೊಸದರಲ್ಲಿ ನಟನೇ ಕ್ಯಾಮೆರಾದ ಮುಂದೆ ಹಾಡಬೇಕಾಗಿತ್ತು. ವಾದ್ಯದವರು ಮರದ ಹಿಂದೆಯೋ ಪರದೆಯ ಹಿಂದೆಯೋ ಅಡಗಿ ಕುಳಿತು ನುಡಿಸಬೇಕಾಗಿತ್ತು. 1935ರಲ್ಲಿ ನಿತಿನ್ ಬೋಸ್ ನಿರ್ದೇಶಿಸಿದ ‘ಭಾಗ್ಯಚಕ್ರ’ ಮತ್ತು ಅದರ ಹಿಂದಿ ರೂಪ ‘ಧೂಪ್ ಛಾಂವ್’ ಚಿತ್ರಗಳಲ್ಲಿ ಹಾಡನ್ನು ಮೊದಲೇ ಮುದ್ರಿಸಿಕೊಂಡು, ಚಿತ್ರೀಕರಣದ ವೇಳೆ ಅದನ್ನು ನುಡಿಸಿ, ನಟರು ತುಟಿಯಾಡಿಸುವ ಕ್ರಮವನ್ನು ತಂದರು. ಸಂಗೀತ ರಾಯ್‌ಚಂದ್ ಬೊರಾಲ್ ಅವರದು. ಶಬ್ದಗ್ರಹಣ ನಿತಿನ್ ಅವರ ಸೋದರ ಮುಕುಲ್ ಬೋಸ್ ಅವರದು. ಹಿನ್ನೆಲೆ ಗಾಯನವೆಂದು ನಾವು ಇಂದು ಕರೆಯುವುದರ ಆರಂಭಗಳಲ್ಲಿ ಇದು ಮುಖ್ಯವಾದದ್ದು.

ಇದರಿಂದ ಸಂಗೀತಕ್ಕೆ ದೊಡ್ಡ ಲಾಭವಾಯಿತು. ಆದರೆ ಅದರ ಜೊತೆಗೇ ಒಂದು ಹೊಸ ಅನ್ಯಾಯವೂ ಹುಟ್ಟಿತು. ಕಂಠ ಒಬ್ಬರದು, ಮುಖ ಇನ್ನೊಬ್ಬರದು. ಜನ ಮುಖಕ್ಕೆ ಕೈಮುಗಿದರು. ಗ್ರಾಮಫೋನ್ ತಟ್ಟೆಯ ಮೇಲೆ ಹಾಡಿದವರ ಹೆಸರಿನ ಬದಲು ಚಿತ್ರದ ಪಾತ್ರದ ಹೆಸರನ್ನು ಅಚ್ಚುಹಾಕುವ ಪದ್ಧತಿಯೂ ಬಂತು. 1949ರ ‘ಮಹಲ್’ ಚಿತ್ರದ ಪ್ರಸಿದ್ಧ ಹಾಡಿನ ತಟ್ಟೆಯ ಮೇಲೆ ಇದ್ದ ಹೆಸರು ‘ಕಾಮಿನಿ’. ಅದು ಮಧುಬಾಲಾ ಮಾಡಿದ ಪಾತ್ರದ ಹೆಸರು. ಹಾಡಿದವರು ಲತಾ ಮಂಗೇಶ್ಕರ್. ಈ ಕಾಮಿನಿ ಯಾರೆಂದು ಕೇಳುಗರು ಆಕಾಶವಾಣಿಗೆ ಕಾಗದದ ಮೇಲೆ ಕಾಗದ ಬರೆದಮೇಲೆ ನಿಜವಾದ ಹೆಸರು ಹೊರಬಂತು. ಗಾಯಕಿಗೆ ಆಕೆಯ ಹೆಸರನ್ನು ಕೊಡಿಸಿದವರು ಕೇಳುಗರು ಎಂಬುದನ್ನು ನಾವು ನೆನಪಿಡಬೇಕು. ಪ್ರೇಕ್ಷಕನ ಕುತೂಹಲಕ್ಕೂ ಬೆಲೆಯುಂಟು.

ಪ್ರಶಸ್ತಿಯಲ್ಲಿಯೂ ಇದೇ ಕಥೆ. ಫಿಲ್ಮ್‌ಫೇರ್ ಪ್ರಶಸ್ತಿ ಆರಂಭವಾದಾಗ ಸಂಗೀತ ನಿರ್ದೇಶಕನಿಗೆ ಬಹುಮಾನವಿತ್ತು, ಹಾಡುವವರಿಗೆ ಇರಲಿಲ್ಲ. ಬಹುಮಾನ ಪಡೆದ ಹಾಡನ್ನು ಸಮಾರಂಭದಲ್ಲಿ ಹಾಡಲು ಕರೆದಾಗ ಲತಾ ಅವರು ಒಪ್ಪಲಿಲ್ಲ. ಗಾಯನಕ್ಕೆ ಪ್ರತ್ಯೇಕ ಪ್ರಶಸ್ತಿ ಬಂದದ್ದು 1959ರಲ್ಲಿ. ಮೊದಲ ಪ್ರಶಸ್ತಿ ಅವರಿಗೇ, ‘ಮಧುಮತಿ’ಯ ಹಾಡಿಗೆ. ಆ ಚಿತ್ರದ ನಿರ್ದೇಶಕ ಬಿಮಲ್ ರಾಯ್, ಸಂಗೀತ ಸಲಿಲ್ ಚೌಧರಿ. ಬಿಮಲ್ ರಾಯ್ ನ್ಯೂ ಥಿಯೇಟರ್ಸ್‌ನಲ್ಲಿ ಕ್ಯಾಮೆರಾ ಕೆಲಸ ಮಾಡಿ ಬೆಳೆದವರು. ಹಿನ್ನೆಲೆ ಗಾಯನಕ್ಕೆ ದಾರಿ ಮಾಡಿದ ಮನೆಯವರೇ ಅದಕ್ಕೆ ಸಿಕ್ಕ ಮೊದಲ ಮಾನ್ಯತೆಯಲ್ಲಿಯೂ ಪಾಲುದಾರರಾದರು.

ಕಾಣದಿರುವುದೇ ಗೆಲುವು

ಈಗ ಎಲ್ಲರಿಗೂ ಗೊತ್ತಿರುವ ಚಿತ್ರಕ್ಕೆ ಬರೋಣ. 1955ರ ಆಗಸ್ಟ್ 26ರಂದು ಕಲ್ಕತ್ತೆಯಲ್ಲಿ ‘ಪಥೇರ್ ಪಾಂಚಾಲಿ’ ಬಿಡುಗಡೆಯಾಯಿತು. ಹಳೆಯ ಕಾಗದದ ಮೇಲಿನ ಕೈಬರಹದಂತೆ ಕಾಣುವ ಬಂಗಾಳಿ ಅಕ್ಷರಗಳಲ್ಲಿ ಹೆಸರುಗಳು ಬರುತ್ತವೆ. ಜಾಹೀರಾತು ಕಂಪನಿಯಲ್ಲಿ ಅಕ್ಷರವಿನ್ಯಾಸ ಮಾಡುತ್ತಿದ್ದ ರಾಯ್ ಅವರಿಗೆ ಹೆಸರುಪಟ್ಟಿಯೂ ಚಿತ್ರದ ಒಂದು ಭಾಗವೇ. ಅದರಲ್ಲಿ ಮೂರು ಹೆಸರುಗಳನ್ನು ನಾವು ಗಮನಿಸಬೇಕು: ಛಾಯಾಗ್ರಹಣ ಸುಬ್ರತ ಮಿತ್ರ, ಕಲೆ ಬನ್ಸಿ ಚಂದ್ರಗುಪ್ತ, ಸಂಕಲನ ದುಲಾಲ್ ದತ್ತ.

ಚಿತ್ರೀಕರಣ ಆರಂಭವಾದಾಗ ಸುಬ್ರತ ಮಿತ್ರರಿಗೆ ಸುಮಾರು 21 ವರ್ಷ. ಚಲನಚಿತ್ರದ ಕ್ಯಾಮೆರಾವನ್ನು ಅದಕ್ಕೆ ಮೊದಲು ನಡೆಸಿದವರೇ ಅಲ್ಲ. ಫ್ರಾನ್ಸಿನ ಜಾನ್ ರೆನ್ವಾ ಈ ಊರಿಗೆ ಬಂದು ‘ದಿ ರಿವರ್’ ಚಿತ್ರವನ್ನು ತೆಗೆಯುವಾಗ ಪಕ್ಕದಲ್ಲಿ ನಿಂತು ನೋಡಿ ಟಿಪ್ಪಣಿ ಬರೆದುಕೊಂಡದ್ದೇ ಅವರ ಪಾಠಶಾಲೆ. ಅದೇ ಚಿತ್ರದಲ್ಲಿ ಕಲಾ ವಿಭಾಗದಲ್ಲಿ ದುಡಿದು ಕಲಿತವರು ಕಾಶ್ಮೀರದ ಬನ್ಸಿ ಚಂದ್ರಗುಪ್ತ. 1956ರ ‘ಅಪರಾಜಿತೋ’ ಚಿತ್ರಕ್ಕಾಗಿ ಇವರು ಕಾಶಿಯ ಹಳೆಯ ಮನೆಯೊಂದರ ಅಂಗಳವನ್ನು ಕಲ್ಕತ್ತೆಯ ಸ್ಟುಡಿಯೋದೊಳಗೆ ಕಟ್ಟಿದರು. ಅಂಥ ಅಂಗಳಕ್ಕೆ ಬೆಳಕು ಮೇಲಿನಿಂದ, ಆಕಾಶದಿಂದ, ಮೆತ್ತಗೆ ಇಳಿಯಬೇಕು. ನೆರಳು ಗೆರೆ ಎಳೆದಂತೆ ಬೀಳಬಾರದು. ಸ್ಟುಡಿಯೋ ದೀಪಗಳನ್ನು ನೇರವಾಗಿ ಹಾಕಿದರೆ ಮನುಷ್ಯನಿಗೆ ನಾಲ್ಕು ನೆರಳು. ಮಿತ್ರ ಅವರು ಸೆಟ್ಟಿನ ಮೇಲೆ ಬಿಳಿಯ ಬಟ್ಟೆಯನ್ನು ಚಪ್ಪರದಂತೆ ಬಿಗಿದು, ದೀಪಗಳನ್ನು ಅದರತ್ತ ತಿರುಗಿಸಿದರು. ಬಟ್ಟೆಗೆ ಬಡಿದು ಹಿಂತಿರುಗಿದ ಬೆಳಕು ಮೋಡ ಮುಸುಕಿದ ಹಗಲಿನಂತೆ ಅಂಗಳ ತುಂಬಿತು. ನೋಡಿದವರು ಅದನ್ನು ನಿಜವಾದ ಕಾಶಿಯೆಂದೇ ನಂಬಿದರು.

ಇಲ್ಲಿಯೇ ಇರುವುದು ತೊಡಕು. ಸೆಟ್ಟು ಸೆಟ್ಟಿನಂತೆ ಕಂಡಿದ್ದರೆ ಬನ್ಸಿಯವರ ಹೆಸರು ಎಲ್ಲರ ಬಾಯಲ್ಲಿರುತ್ತಿತ್ತು. ಚೆನ್ನಾಗಿ ಕಟ್ಟಿದ್ದರಿಂದ ಕಟ್ಟಿದವರೇ ಇಲ್ಲವೆಂಬಂತಾಯಿತು. ಬೆಳಕಿನ ವಿಷಯವೂ ಅಷ್ಟೇ. ಕೆಲವು ವರ್ಷಗಳ ಮೇಲೆ, ಸ್ವೀಡನ್ನಿನ ಬರ್ಗ್‌ಮನ್ ಅವರ 1961ರ ಚಿತ್ರಕ್ಕೆ ಛಾಯಾಗ್ರಾಹಕ ಸ್ವೆನ್ ನಿಕ್ವಿಸ್ಟ್ ಇಂಥದೇ ವಿಧಾನವನ್ನು ಬಳಸಿದ ಸುದ್ದಿ ಅಮೆರಿಕದ ಪತ್ರಿಕೆಯಲ್ಲಿ ಹೊಸ ಸಂಗತಿಯೆಂಬಂತೆ ಬಂತು. ನಾವು ಇದನ್ನು ಅದಕ್ಕೆ ಎಷ್ಟೋ ಮೊದಲೇ ಮಾಡಿದ್ದೆವೆಂದು ಸ್ವತಃ ರಾಯ್ ಹೇಳಬೇಕಾಯಿತು. ತೆರೆಯ ಮೇಲೆ ಹೆಸರು ಇದ್ದೂ ಮಾಡಿದ ಹೊಸ ಕೆಲಸ ಲೋಕದ ಲೆಕ್ಕಕ್ಕೆ ಬರಲಿಲ್ಲ.

ಹೆಸರುಪಟ್ಟಿಯ ಒಂದೊಂದು ಪದಕ್ಕೂ ತೂಕವುಂಟು. ಕ್ಯಾಮೆರಾ ವಿಭಾಗದಲ್ಲಿ ಬೆಳಕನ್ನು ಯೋಜಿಸುವುದು ಒಂದು ಕೆಲಸ. ಕ್ಯಾಮೆರಾದ ಕಿಂಡಿಗೆ ಕಣ್ಣಿಟ್ಟು ಅದನ್ನು ನಡೆಸುವುದು ಇನ್ನೊಂದು. 1964ರ ‘ಚಾರುಲತಾ’ದ ಹೊತ್ತಿಗೆ ಎರಡನೆಯದನ್ನು ರಾಯ್ ತಾವೇ ವಹಿಸಿಕೊಂಡರು. 1966ರ ‘ನಾಯಕ್’ ಆದಮೇಲೆ ಮಿತ್ರ ಮತ್ತು ರಾಯ್ ಒಟ್ಟಿಗೆ ಕೆಲಸ ಮಾಡಲಿಲ್ಲ. ಹತ್ತು ಚಿತ್ರಗಳ ಜೊತೆ ಅಲ್ಲಿಗೆ ಮುಗಿಯಿತು. ಸರಿತಪ್ಪು ತೀರ್ಮಾನಿಸುವ ಅಧಿಕಾರ ನಮಗಿಲ್ಲ. ಯಾರ ಕೈಯಲ್ಲಿ ಏನಿತ್ತು ಎಂಬುದು ಕೆಲಸ ಮಾಡುವವರಿಗೆ ಎಷ್ಟು ಮುಖ್ಯವೆಂಬುದಷ್ಟೇ ಇಲ್ಲಿ ಗಮನಿಸತಕ್ಕ ಮಾತು.

ಪಟ್ಟಿಯಲ್ಲಿ ಹಿಡಿಸದ ಕೆಲಸವೂ ಇರುತ್ತದೆ. ‘ಪಥೇರ್ ಪಾಂಚಾಲಿ’ಯ ಸಂಗೀತ ರವಿಶಂಕರ್ ಅವರದೆಂದು ಲೋಕವೇ ಬಲ್ಲದು. ಮಿಠಾಯಿ ಮಾರುವವನ ಹಿಂದೆ ಮಕ್ಕಳು ನಡೆದುಹೋಗುವ ದೃಶ್ಯದ ಸಿತಾರನ್ನು ನುಡಿಸಿದವರು ಕ್ಯಾಮೆರಾದ ಸುಬ್ರತ ಮಿತ್ರರೇ ಎಂಬುದು ಎಷ್ಟು ಜನಕ್ಕೆ ಗೊತ್ತು? ಮಗಳು ಸತ್ತ ಸುದ್ದಿಯನ್ನು ಗಂಡನಿಗೆ ಹೇಳಲಾರದೆ ಸರ್ವಜಯಾ ಒಡೆದು ಅಳುವಾಗ ಅಳುವಿನ ದನಿಯ ಬದಲು ಕೇಳಿಸುವ ತಾರ್‌ಶಹನಾಯಿ ದಕ್ಷಿಣಾಮೋಹನ ಠಾಕೂರರದು. ಆ ದೃಶ್ಯ ನೋಡಿ ಕಣ್ಣೊರೆಸಿಕೊಂಡವರೆಲ್ಲ ಅವರಿಗೆ ಋಣಿಗಳು. ಹೆಸರು ಮಾತ್ರ ಬಲ್ಲವರು ವಿರಳ.

ಆಗಿನ ರಾಷ್ಟ್ರಪತಿ ಪದಕ ಚಿತ್ರಕ್ಕೆ ಸಲ್ಲುತ್ತಿತ್ತು. ಕ್ಯಾಮೆರಾದವರಿಗೆಂದು ಬೇರೆ ಬಹುಮಾನ ಇರಲಿಲ್ಲ. ಛಾಯಾಗ್ರಹಣಕ್ಕೆ ರಾಷ್ಟ್ರಪ್ರಶಸ್ತಿ ಆರಂಭವಾದದ್ದು 1967ರ ಚಿತ್ರಗಳಿಂದ. ರಾಯ್ ಅವರ ಜೊತೆಗಿನ ಹತ್ತೂ ಚಿತ್ರಗಳು ಅದಕ್ಕೆ ಮೊದಲೇ ಬಂದುಹೋಗಿದ್ದವು. ಮಿತ್ರ ಅವರಿಗೆ ಆ ಪ್ರಶಸ್ತಿ ಸಿಕ್ಕಿದ್ದು ಬಹಳ ತಡವಾಗಿ, ‘ನ್ಯೂ ಡೆಲ್ಲಿ ಟೈಮ್ಸ್’ ಚಿತ್ರಕ್ಕೆ. ಕೊನೆಯ ವರ್ಷಗಳಲ್ಲಿ ಅವರು ಈ ಊರಿನ ಸತ್ಯಜಿತ್ ರಾಯ್ ಚಲನಚಿತ್ರ ಮತ್ತು ಟೆಲಿವಿಷನ್ ಸಂಸ್ಥೆಯಲ್ಲಿ ಪಾಠ ಹೇಳಿ, 2001ರಲ್ಲಿ ತೀರಿಕೊಂಡರು.

ಕನ್ನಡಿಗರ ಪಾಲು

ಕಲ್ಕತ್ತೆಯ ನಿಮಾಯಿ ಘೋಷ್ ಕನ್ನಡಕ್ಕೆ ಬಂದಂತೆ ಕನ್ನಡದವರೂ ಕಲ್ಕತ್ತೆಯ ಪಟ್ಟಿಗೆ ಸೇರಿದ್ದಾರೆ. ಬಂಟ್ವಾಳ ತಾಲ್ಲೂಕಿನ ಮಂಚಿಯ ಬಿ. ವಿ. ಕಾರಂತರನ್ನು ನಾವು ನಾಟಕದವರೆಂದೂ ‘ಚೋಮನ ದುಡಿ’ಯ ನಿರ್ದೇಶಕರೆಂದೂ ಬಲ್ಲೆವು. ಮೃಣಾಲ್ ಸೇನ್ ಅವರ ‘ಪರಶುರಾಮ್’, 1979ರ ‘ಏಕ್ ದಿನ್ ಪ್ರತಿದಿನ್’, 1982ರ ‘ಖಾರಿಜ್’ ಚಿತ್ರಗಳಿಗೆ ಸಂಗೀತ ಅವರದು. ಅತ್ತ ಸಲಿಲ್ ಚೌಧರಿಯವರು 1977ರ ನಮ್ಮ ‘ಕೋಕಿಲ’ ಚಿತ್ರಕ್ಕೆ ರಾಗ ಕೂಡಿಸಿದ್ದಾರೆ.

ಇನ್ನೊಬ್ಬರು ಮೈಸೂರಿನ ವಿ. ಕೆ. ಮೂರ್ತಿ. ಬೆಂಗಳೂರಿನ ಶ್ರೀ ಜಯಚಾಮರಾಜೇಂದ್ರ ಪಾಲಿಟೆಕ್ನಿಕ್‌ನಲ್ಲಿ ಓದಿ ಮುಂಬಯಿಗೆ ಹೋಗಿ ಗುರುದತ್ತರ ಕಣ್ಣಾದವರು. ಗುರುದತ್ತರೂ ಬೆಂಗಳೂರಿನಲ್ಲಿ ಹುಟ್ಟಿ ಕಲ್ಕತ್ತೆಯಲ್ಲಿ ಬೆಳೆದವರು. 1957ರ ‘ಪ್ಯಾಸಾ’ದ ಕಥೆ ನಡೆಯುವುದು ಇದೇ ಊರಿನಲ್ಲಿ. ಸತ್ತನೆಂದು ತಿಳಿದ ಕವಿಯ ಪದ್ಯಗಳನ್ನು ಅಚ್ಚುಹಾಕಿ ಇತರರು ಲಾಭ ಮಾಡಿಕೊಳ್ಳುವ ಕಥೆಯದು. ಒಂದರ್ಥದಲ್ಲಿ ಅದೂ ಹೆಸರಿನ ಕಥೆಯೇ. ಮೂರ್ತಿಯವರು ಬಹುಕಾಲ ಬದುಕಿದ್ದರಿಂದ ಅವರ ಕಥೆಗೆ ಒಳ್ಳೆಯ ಮುಕ್ತಾಯ ದೊರೆಯಿತು. 2008ನೆಯ ಸಾಲಿನ ದಾದಾಸಾಹೇಬ್ ಫಾಲ್ಕೆ ಪ್ರಶಸ್ತಿ ಅವರಿಗೆ ಬಂತು. ಆ ಪ್ರಶಸ್ತಿ ಆರಂಭವಾದದ್ದು 1969ರಲ್ಲಿ; ಛಾಯಾಗ್ರಾಹಕರೊಬ್ಬರಿಗೆ ಸಂದದ್ದು ಅದೇ ಮೊದಲು. ಪ್ರಶಸ್ತಿಯನ್ನು ಕೈಗೆ ತೆಗೆದುಕೊಂಡಾಗ ಅವರಿಗೆ ಎಂಬತ್ತಾರು ದಾಟಿತ್ತು.

ಕಾನೂನು ಏನೆನ್ನುತ್ತದೆ?

ಹೆಸರು ಬರಿಯ ಮರ್ಯಾದೆಯ ಮಾತೆಂದು ತಿಳಿಯಬಾರದು. ಮುಂದಿನ ಕೆಲಸ ಸಿಗುವುದು ಹಿಂದಿನ ಹೆಸರಿನಿಂದ. 1957ರ ಕೃತಿಸ್ವಾಮ್ಯ ಕಾಯಿದೆ ಲೇಖಕನಿಗೆ ತನ್ನ ಕೃತಿ ತನ್ನದೆಂದು ಹೇಳಿಕೊಳ್ಳುವ ಹಕ್ಕನ್ನು ಕೊಟ್ಟಿದೆ. ಆದರೆ ಸಿನಿಮಾದ ಮಟ್ಟಿಗೆ ‘ಕರ್ತೃ’ವೆಂದರೆ ನಿರ್ಮಾಪಕ. ಕ್ಯಾಮೆರಾದವರೂ ಸಂಕಲನಕಾರರೂ ಆ ಪದದೊಳಗೆ ಬರುವುದಿಲ್ಲ. ಅವರ ಹೆಸರು ಒಪ್ಪಂದದ ಮೇಲೆ, ರೂಢಿಯ ಮೇಲೆ, ಸಂಘಟನೆಯ ಬಲದ ಮೇಲೆ ನಿಂತಿದೆ. 1981ರ ಸಿನಿಮಾ ಕೆಲಸಗಾರರ ಕಾಯಿದೆ ಲಿಖಿತ ಒಪ್ಪಂದವನ್ನು ಕಡ್ಡಾಯ ಮಾಡಿದ್ದು ಆದ್ದರಿಂದಲೇ ದೊಡ್ಡ ಸಂಗತಿ.

2012ರ ತಿದ್ದುಪಡಿಯಲ್ಲಿ ನಟರಿಗೂ ಗಾಯಕರಿಗೂ ತಮ್ಮ ಹೆಸರನ್ನು ಹೇಳಿಸಿಕೊಳ್ಳುವ ಹಕ್ಕು ಬಂತು. ಅದರಲ್ಲೇ ಒಂದು ಕುತೂಹಲದ ಷರತ್ತಿದೆ. ಸಣ್ಣಪುಟ್ಟ ಅಭಿನಯ ಮಾಡಿ, ರೂಢಿಯಂತೆ ಹೆಸರುಪಟ್ಟಿಯಲ್ಲಿ ಎಲ್ಲಿಯೂ ಕಾಣಿಸಿಕೊಳ್ಳದವರನ್ನು ಕಾನೂನು ಪ್ರದರ್ಶಕರೆಂದು ಎಣಿಸುವುದಿಲ್ಲ. ತಮ್ಮ ಅಭಿನಯವನ್ನು ಮಾನಹಾನಿಯಾಗುವಂತೆ ತಿರುಚಿದರೆ ದೂರುವ ಹಕ್ಕೊಂದು ಮಾತ್ರ ಅವರಿಗೆ ಉಳಿದಿದೆ. ಪಟ್ಟಿಯಲ್ಲಿ ಹೆಸರಿಲ್ಲದಿರುವುದು ಹೀಗೆ ಹಕ್ಕನ್ನೂ ಕಳೆಯಬಲ್ಲದು.

ಪಟ್ಟಿಯಲ್ಲಿ ಸೇರಿದವರಿಗೂ ಈಗ ನೆಮ್ಮದಿಯಿಲ್ಲ. 1975ರ ಆಗಸ್ಟ್ 9ರಂದು ಕಲ್ಕತ್ತೆಗೆ ದೂರದರ್ಶನ ಬಂದಾಗ ಕಾರ್ಯಕ್ರಮದ ಕೊನೆಯ ಹೆಸರುಗಳನ್ನು ನಿಧಾನವಾಗಿ ಓದಬಹುದಿತ್ತು. ಇಂದಿನ ವಾಹಿನಿಗಳಲ್ಲಿ ಅವು ಅಂಗೈ ಅಗಲದ ಜಾಗದಲ್ಲಿ ಮಿಂಚಿ ಮಾಯವಾಗುತ್ತವೆ. ಮೊಬೈಲಿನಲ್ಲಿ ನೋಡುವವರಿಗೆ ಹೆಸರುಗಳನ್ನು ಹಾರಿಸಿ ಮುಂದಿನ ಕಂತಿಗೆ ಹೋಗಲು ಗುಂಡಿಯನ್ನೇ ಕೊಟ್ಟಿದ್ದಾರೆ.

ನಾವೇನು ಮಾಡಬಹುದು?

1993ರಲ್ಲಿ ಲಂಡನ್ನಿನ ಪ್ರಯೋಗಾಲಯವೊಂದಕ್ಕೆ ಬೆಂಕಿ ಬಿದ್ದು, ಅಲ್ಲಿದ್ದ ಅಪು ಚಿತ್ರಗಳ ಮೂಲ ನೆಗೆಟಿವ್‌ಗಳು ಬೆಂದವು. ಆದರೂ ಸುಟ್ಟು ಉಳಿದ ಸುರುಳಿಗಳನ್ನೂ ಬೇರೆ ಬೇರೆ ಕಡೆ ಇದ್ದ ಪ್ರತಿಗಳನ್ನೂ ಕೂಡಿಸಿ 2015ರ ಹೊತ್ತಿಗೆ ಮೂರೂ ಚಿತ್ರಗಳನ್ನು ಮತ್ತೆ ಹೊಸದಾಗಿಸಿದರು. ಸುಬ್ರತ ಮಿತ್ರರ ಬೆಳಕು ಉಳಿಯಿತು. ಹೀರಾಲಾಲ್ ಸೇನರ ಬೆಂಕಿಗೂ ಈ ಬೆಂಕಿಗೂ ಇರುವ ವ್ಯತ್ಯಾಸ ಒಂದೇ: ಎರಡನೆಯ ಸಲ ಕಾಪಾಡಿಟ್ಟವರಿದ್ದರು, ಹುಡುಕಿದವರಿದ್ದರು.

ನಮ್ಮಂಥ ಸಣ್ಣ ಸಂಘದವರು ಫಿಲ್ಮು ಕಾಪಾಡಲಾರೆವು, ಹೆಸರು ಕಾಪಾಡಬಲ್ಲೆವು. ಆದರೆ ಉಪದೇಶಕ್ಕೆ ಮೊದಲು ನಮ್ಮ ತಪ್ಪನ್ನೂ ಒಪ್ಪಿಕೊಳ್ಳಬೇಕು. ಕಳೆದ ರಾಜ್ಯೋತ್ಸವದ ನಾಟಕದ ಕರಪತ್ರವನ್ನು ಮತ್ತೆ ತೆಗೆದು ನೋಡಿದೆವು. ಅಧ್ಯಕ್ಷರ, ಮುಖ್ಯ ಅತಿಥಿಗಳ, ಪಾತ್ರಧಾರಿಗಳ ಹೆಸರುಗಳೆಲ್ಲ ಇವೆ. ಪರದೆ ಎಳೆದವರು, ದೀಪ ನೋಡಿಕೊಂಡವರು, ಮೂರು ರಾತ್ರಿ ಕುಳಿತು ಕಿರೀಟ ಅಂಟಿಸಿದ ಹೆಂಗಸರು, ಪಕ್ಕದ ಬೀದಿಯಿಂದ ಬಂದು ವೇದಿಕೆ ಕಟ್ಟಿದ ಬಂಗಾಳಿ ಬಡಗಿ, ಇವರ ಹೆಸರಿಗೆ ‘ಮತ್ತು ಇತರರು’ ಎಂಬ ಎರಡು ಪದಗಳಲ್ಲಿ ಜಾಗ ಕೊಟ್ಟಿದ್ದೇವೆ. ಆ ಕರಪತ್ರದ ಕರಡನ್ನು ತಿದ್ದಿದವರು ನಾವೇ.

ಮುಂದಿನ ತಿಂಗಳು ‘ಖಾರಿಜ್’ ಚಿತ್ರವನ್ನು ತೋರಿಸುವುದೆಂದು ನಿಶ್ಚಯವಾಗಿದೆ. ಮಧ್ಯಮ ವರ್ಗದ ಮನೆಯೊಂದರಲ್ಲಿ ಕೆಲಸಕ್ಕಿದ್ದ ಪುಟ್ಟ ಹುಡುಗ ಚಳಿಯ ರಾತ್ರಿ ಅಡಿಗೆಮನೆಯಲ್ಲಿ ಮಲಗಿ, ಒಲೆಯ ಹೊಗೆಗೆ ಉಸಿರುಕಟ್ಟಿ ಸಾಯುವ ಕಥೆಯದು. ಆತ ಬದುಕಿದ್ದಾಗ ಮನೆಯವರು ಆತನನ್ನು ಎಷ್ಟು ಗಮನಿಸಿದ್ದರೆಂಬ ಪ್ರಶ್ನೆಯೇ ಚಿತ್ರದ ಜೀವ. ಕಾರಂತರ ಸಂಗೀತವಿದೆ, ಆ ಮನೆಯನ್ನು ರೂಪಿಸಿದ ಕಲಾ ನಿರ್ದೇಶಕ ನಿತೀಶ್ ರಾಯ್ ಅವರಿಗೆ ರಾಷ್ಟ್ರಪ್ರಶಸ್ತಿ ಬಂದಿದೆ. ಅಂದು ಕೊನೆಯ ಹೆಸರು ಹೋಗುವವರೆಗೆ ದೀಪ ಹಾಕಬಾರದೆಂದು ಸಂಘದ ಕಾರ್ಯದರ್ಶಿಗಳನ್ನು ಕೇಳಿಕೊಂಡಿದ್ದೇವೆ, ಒಪ್ಪಿದ್ದಾರೆ. ಸದಸ್ಯರು ದಯವಿಟ್ಟು ಹತ್ತು ನಿಮಿಷ ಮೊದಲೇ ಬಂದು ಕುಳಿತುಕೊಳ್ಳಬೇಕು. ಕುಶಲಪ್ರಶ್ನೆ ಆಮೇಲೆ ಆಗಲಿ. ಮೊದಲು ಹೆಸರುಗಳನ್ನು ಓದೋಣ.